ಈದ ಕುರಿಯ ಕೋಣೆ

"ಈದ ಕುರಿಗೆ ಬೇರೆ ಕೋಣೆ ಎಲ್ಲಿ?" ಟೇಪು ಸುತ್ತುತ್ತ ಪಶು ಇಲಾಖೆಯ ಸಾಹೇಬರು ಕೇಳಿದರು. ಹೊಸ ಕುರಿ ಶೆಡ್ಡಿಗೆ ಸಬ್ಸಿಡಿ ಸಿಗಬೇಕಾದರೆ ಅವರು ಒಪ್ಪಬೇಕು.

ಕಾಟಪ್ಪ ಮೂಲೆಯ ತಟ್ಟಿ ಸರಿಸಿ ತೋರಿಸಿದ. ತಗಡಿನ ಸೂರು, ಒಣ ನೆಲ, ಹುಲ್ಲಿನ ಹಾಸು. ನಿನ್ನೆ ಈದ ಕುರಿಯೊಂದು ಮರಿಯನ್ನು ನೆಕ್ಕುತ್ತ ಮಲಗಿತ್ತು. ಸಾಹೇಬರು ಬಗ್ಗಿ ನೆಲ ಮುಟ್ಟಿ ನೋಡಿದರು.

"ಭೇಷ್. ಗಾಳಿ ಬಡೀಬಾರದು, ತೇವ ಇರಬಾರದು. ಮೂಕ ಪ್ರಾಣಿ, ಪಾಪ, ಬಾಯಿ ಬಿಟ್ಟು ಹೇಳುತ್ತಾ? ಕ್ಯಾಮೆರಾದಲ್ಲಿ ರೀಲು ಮುಗಿದಿದೆ. ಮುಂದಿನ ವಾರ ಬಂದು ಫೋಟೋ ತೆಗೀತೀನಿ. ಈದ ಕುರಿ ಈ ಕೋಣೆಯಲ್ಲೇ ಇರಬೇಕು. ಇಲ್ಲಾಂದ್ರೆ ಸಬ್ಸಿಡಿ ಇಲ್ಲ."

ಅಷ್ಟರಲ್ಲಿ ಹತ್ತಾರು ಮನೆಗಳ ಹಟ್ಟಿಯ ಮುಳ್ಳುಬೇಲಿಯಾಚೆ ಕೂಸು ಅತ್ತಿತು. ಜಡಿಮಳೆಗೆ ನೆನೆದು ಒಂದು ಕಡೆ ಕುಸಿದಿದ್ದ ಈಚಲು ಗರಿಯ ಗುಡಿಸಲು ಅಲ್ಲಿತ್ತು.

"ಅಲ್ಯಾರು?"

"ನಮ್ ಸೊಸೆ ಪವಿತ್ರ, ಸಾರ್. ಬಾಣಂತಿ. ಸೂತಕ ಕಳೆಯೋತನಕ ಹಟ್ಟಿ ಒಳಕ್ಕೆ ಬರಂಗಿಲ್ಲ. ನಮ್ ಕಟ್ಟಳೆ."

ಸಾಹೇಬರು ಆ ಕಡೆ ಒಂದು ಗಳಿಗೆ ನೋಡಿದರು. "ಅದು ನಮ್ಮ ಇಲಾಖೆಗೆ ಬರಲ್ಲ" ಎಂದು ಜೀಪು ಹತ್ತಿದರು. ಅವರು ಕೆಟ್ಟವರೇನಲ್ಲ, ಚಳ್ಳಕೆರೆ ಸೇರುವುದರೊಳಗೆ ಇನ್ನೂ ಎಷ್ಟೋ ಶೆಡ್ಡು ನೋಡಬೇಕಿತ್ತು.

ಕಾಟಪ್ಪನ ಹೆಂಡತಿ ಬೋರಕ್ಕ ಇಷ್ಟು ಹೊತ್ತೂ ಗೋಡೆಗೊರಗಿ ನಿಂತಿದ್ದಳು. ಮಕ್ಕಳನ್ನೆಲ್ಲ ಅವಳು ಹೆತ್ತದ್ದೂ ಅಂಥದೇ ಗುಡಿಸಲಿನಲ್ಲಿ. ಅದರಲ್ಲಿ ಒಂದು ಕೂಸು ಉಳಿಯಲಿಲ್ಲ, ಆ ವರ್ಷವೂ ಹೀಗೇ ಜಡಿ ಹಿಡಿದಿತ್ತು. ಅತ್ತು ಅತ್ತು ಸಾಕಾಗಿ, ಆಮೇಲೆ ಅದರ ಮಾತೇ ಎತ್ತಿರಲಿಲ್ಲ. ಈಗ ಕುರಿಯನ್ನೂ ಮರಿಯನ್ನೂ ಕರೆದೊಯ್ದು ಮನೆಯೊಳಗೆ ಕಟ್ಟಿ ಬಂದಳು. ಕೋಣೆಯ ಹುಲ್ಲು ಬದಲಿಸಿ ಕಂಬಳಿ ಹಾಸಿದಳು. ಗುಡಿಸಲಿಗೆ ಹೋಗಿ, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ನಡುಗುತ್ತಿದ್ದ ಪವಿತ್ರಳ ತೋಳು ಹಿಡಿದು ಬೇಲಿಯೊಳಗೆ ನಡೆಸಿಕೊಂಡು ಬಂದಳು.

ಕಾಟಪ್ಪ ಅಡ್ಡ ನಿಂತ. "ಏಯ್, ತಲೆ ಕೆಟ್ಟೈತಾ ನಿನಗೆ? ಕುರಿಗೆ ಸೂತಕ ತಾಕ್ತೈತೆ. ಹಟ್ಟಿ ಮಂದಿ ಸುಮ್ನಿರ್ತಾರಾ? ಸಾಹೇಬ್ರು ಬಂದ್ರೆ ಏನ್ ಹೇಳ್ಲಿ?"

ಬೋರಕ್ಕ ಅವನನ್ನು ಬಳಸಿಕೊಂಡು ಹೋದಳು. ಸೊಸೆಯನ್ನು ಮಲಗಿಸಿ, ಕೂಸನ್ನು ಅವಳ ಮಗ್ಗುಲಿಗೆ ಹಾಕಿ, ಹೊರಗೆ ಬಂದು ತಟ್ಟಿ ಎಳೆದಳು.

"ಈದ ಕುರಿ ಒಳಗೈತೆ ಅನ್ನು."