ಖಾಲಿ ಮನೆಯ ಬಟ್ಟೆಗಳು

ಎಪ್ಪತ್ತೊಂದು ವರ್ಷದ ಒಜೆಲ್ಲಾ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಕೂದಲು ಗುಂಗುರಾಗಲೆಂದು ಸುತ್ತಿದ್ದ ಪ್ಲಾಸ್ಟಿಕ್ ಸುರುಳಿಗಳು ಕುಣಿಯುತ್ತಿರುವಂತೆಯೇ ಬೀದಿಗೆ ಓಡಿಬಂದಳು. "ನಿಲ್ಲಮ್ಮಾ! ಕಾರು ನಿಲ್ಲಿಸು! ಆ ಮನೇಲಿ ಯಾರೂ ಇಲ್ಲ!"

ಹೊರಟಿದ್ದ ಕಾರು ನಿಂತಿತು. ಒಳಗಿದ್ದ ಹೆಂಗಸು ಗಾಜು ಇಳಿಸಿದಳು. ಅವಳ ಕೈಯಲ್ಲಿ ಡೆಟ್ರಾಯ್ಟ್ ನಗರಸಭೆಯವರು ಮಾರಾಟಕ್ಕಿಟ್ಟ ಖಾಲಿ ಮನೆಗಳ ಪಟ್ಟಿಯಿತ್ತು. "ಪಟ್ಟೀಲೇನೋ ಖಾಲಿ ಅಂತಿದೆ ಅಮ್ಮ. ಬಂದು ನೋಡಿದ್ರೆ ಕಿಟಕಿಗೆ ಪರದೆ, ಜಗಲೀಲಿ ಕುರ್ಚಿ, ಕುಂಡದ ತುಂಬ ಹೂವು! ಯಾರೋ ಸಂಸಾರ ಮಾಡ್ಕೊಂಡಿರೋ ಮನೆಗೆ ನಾನ್ಯಾಕೆ ಕಣ್ಣು ಹಾಕ್ಲಿ?"

"ಪರದೆ ನಂದು! ಕುರ್ಚಿ ನಂದು! ಹೂವಿಗೆ ನೀರು ಹಾಕೋಳೂ ನಾನೇ!"

"ಮತ್ತೆ ಹಗ್ಗದ ಮೇಲೆ ಗಂಡಸರ ಚಡ್ಡಿ ಒಣಗ್ತಿದೆಯಲ್ಲ?"

"ಅದು ನಂದು!" ಎಂದು ಎದುರು ಮನೆಯ ಜಗಲಿಯಿಂದ ಮುದುಕ ಕ್ಲಿಯೋಫಸ್ ಕೈಯೆತ್ತಿ ಕೂಗಿದ.

ಆ ಹೆಂಗಸು ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿ ಮೆಲ್ಲಗೆ ಗಾಜು ಏರಿಸತೊಡಗಿದಳು. ಒಜೆಲ್ಲಾ ಗಾಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಹಿಂದೆ ಈ ಬೀದಿಯಲ್ಲಿ ಹದಿನೆಂಟು ಮನೆಗಳಿದ್ದವು. ಕಾರಿನ ಕಾರ್ಖಾನೆ ಮುಚ್ಚಿದ ಮೇಲೆ ಒಂದೊಂದಾಗಿ ಹೋದವು. ಮನೆ ಹೇಗೆ ಸಾಯುತ್ತದೆಂದು ಒಜೆಲ್ಲಾ ಕಣ್ಣಾರೆ ಕಂಡಿದ್ದಳು. ಇದ್ದವರು ಬಿಟ್ಟುಹೋದ ಮೊದಲ ವಾರ ತಾಮ್ರದ ಕೊಳವೆ ಮಾಯ, ಎರಡನೆಯ ವಾರ ಕಿಟಕಿ, ಮೂರನೆಯ ವಾರ ಬೆಂಕಿ. ಹನ್ನೊಂದು ವರ್ಷದ ಹಿಂದೆ ಪಕ್ಕದ ಮನೆಯವರು ಹೊರಟಾಗ ಅವಳು ಆ ಸುದ್ದಿ ಕಳ್ಳರಿಗೆ ತಿಳಿಯಗೊಡಲೇ ಇಲ್ಲ. ಬೆಳಿಗ್ಗೆ ಹೋಗಿ ಪರದೆ ಸರಿಸುವಳು, ಸಂಜೆ ಮುಚ್ಚುವಳು. ಹಿಮ ಬಿದ್ದ ದಿನ ಕ್ಲಿಯೋಫಸನ ದೊಡ್ಡ ಬೂಟು ಹಾಕಿಕೊಂಡು ರಸ್ತೆಯಿಂದ ಬಾಗಿಲವರೆಗೆ ನಡೆದು, ಹೆಜ್ಜೆ ಗುರುತು ಮೂಡಿಸಿ ಬರುವಳು. ಸೋಮವಾರ ತನ್ನ ಬಟ್ಟೆಯನ್ನೂ ಅವನ ಬಟ್ಟೆಯನ್ನೂ ಆ ಮನೆಯ ಹಗ್ಗದ ಮೇಲೆ ಹರವುವಳು. ಶನಿವಾರದವರೆಗೂ ತೆಗೆಯುತ್ತಿರಲಿಲ್ಲ. ಮನೆ ಉಳಿಯಿತು. ಆದರೆ ಈ ತಿಂಗಳೊಳಗೆ ಯಾರೂ ಕೊಳ್ಳದಿದ್ದರೆ ಕೆಡವುತ್ತೇವೆಂದು ನಗರಸಭೆಯವರು ಬಾಗಿಲಿಗೆ ಕೆಂಪು ಕಾಗದ ಅಂಟಿಸಿದ್ದರು. ತಿಂಗಳು ಮುಗಿಯಲು ಇನ್ನು ಮೂರೇ ದಿನವಿತ್ತು. ಹನ್ನೊಂದು ವರ್ಷದಲ್ಲಿ ಮನೆ ನೋಡಲು ಬಂದವಳು ಇವಳೊಬ್ಬಳೇ. ಅವಳೂ ಇಲ್ಲಿ ಜನ ಇದ್ದಾರೆಂದು ನಂಬಿ ಹೊರಟಿದ್ದಳು!

"ಎಲ್ಲಿಂದ ಬಂದೆ ತಾಯಿ? ಹೆಸರೇನು?"

"ಯೆಸೇನಿಯಾ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಸ್ ಓಡಿಸ್ತೀನಿ. ಗಂಡ ಹೋಟೆಲಲ್ಲಿ ಅಡುಗೆ ಮಾಡ್ತಾನೆ. ನಾವಿಬ್ಬರು, ಮಕ್ಕಳಿಬ್ಬರು, ಒಂದೇ ಕೋಣೆ."

"ಅಲ್ಲಿ ಕಾರು ನಿಲ್ಸೋ ಜಾಗ ಕೊಳ್ಳೋ ದುಡ್ಡಿಗೆ ಇಲ್ಲಿ ಇಡೀ ಬೀದಿ ಬರುತ್ತೆ ಕಣಮ್ಮ," ಎಂದ ಕ್ಲಿಯೋಫಸ್, "ನನ್ನೂ ಸೇರಿಸಿ!"

"ನಿನ್ನ ಪುಕ್ಕಟೆ ಕೊಟ್ರೂ ಯಾರು ತಗೋತಾರೋ?"

"ಕ್ಲೀವ್‌ಲ್ಯಾಂಡಲ್ಲಿ ನಮ್ಮಣ್ಣನ ಬೀದಿ ಇನ್ನೂ ಅಗ್ಗ," ಎಂದು ಮುದುಕ ಮುಂದುವರಿಸಿದ. " ಸೇಂಟ್ ಲೂಯಿಸಲ್ಲಂತೂ ಗೋಡೆಯ ಇಟ್ಟಿಗೇನೂ ಬಿಡದೆ ಕದೀತಾರೆ..."

"ಮುಚ್ಚೋ ಬಾಯಿ! ಬಂದ ಒಬ್ಬಳನ್ನೂ ಕ್ಲೀವ್‌ಲ್ಯಾಂಡಿಗೆ ಕಳಿಸ್ತೀಯಾ?"

ಯೆಸೇನಿಯಾಗೆ ನಗು ಬಂದುಬಿಟ್ಟಿತು. ಇದೇ ಸಮಯವೆಂದು ಒಜೆಲ್ಲಾ ಅವಳನ್ನು ಕಾರಿನಿಂದ ಇಳಿಸಿ, ಕೈಹಿಡಿದು ಆ ಮನೆಗೆ ಎಳೆದುಕೊಂಡು ಹೋದಳು. ಬಾಗಿಲಿನ ಮೇಲೆ ಅಂದವಾದ ಪ್ಲಾಸ್ಟಿಕ್ ಹೂವಿನ ಹಾರವೊಂದು ತೂಗುತ್ತಿತ್ತು. ಅದನ್ನು ಕಿತ್ತಳು. ಹಿಂದೆ ಕೆಂಪು ಕಾಗದ. "ನೋಡು! ಕಾಣಬಾರದು ಅಂತ ನಾನೇ ಹಾರ ಹಾಕಿದ್ದು. ನನ್ನ ಬುದ್ಧಿಗಿಷ್ಟು!"

ಒಳಗೆ ಪರದೆಗಳ ಹಿಂದೆ ಏನೇನೂ ಇರಲಿಲ್ಲ. ಯೆಸೇನಿಯಾ "ಹೋ!" ಎಂದಳು. ಮನೆಯೂ "ಹೋ!" ಎಂದಿತು. ಅವಳು ಒಂದೊಂದೇ ಬಾಗಿಲು ತೆರೆಯುತ್ತ, ಮುಚ್ಚುತ್ತ ಓಡಿದಳು. "ಅಮ್ಮಾ, ಇಲ್ಲೊಂದು ಕೋಣೆ! ಅಯ್ಯೋ, ಇದರೊಳಗೆ ಇನ್ನೊಂದು! ಇದಕ್ಕೂ ಬಾಗಿಲಿದೆ!"

"ಮೇಲೆ ಒಂದು ಕಡೆ ಸೋರುತ್ತೆ. ಸುಳ್ಳು ಹೇಳಲ್ಲ," ಎಂದಳು ಒಜೆಲ್ಲಾ.

ಯೆಸೇನಿಯಾ ಕೇಳಿಸಿಕೊಳ್ಳಲಿಲ್ಲ. ನಡುಮನೆಯ ನೆಲದ ಮೇಲೆ ಅಂಗಾತ ಮಲಗಿ ಎರಡೂ ಕೈ ಚಾಚಿದ್ದಳು. ಕೈಗೆ ಯಾರೂ ತಗಲಲಿಲ್ಲ.

ಕೆಡವುವ ಯಂತ್ರ ಬರಲಿಲ್ಲ. ಆರು ವಾರದ ಮೇಲೆ, ಒಂದು ಭಾನುವಾರ, ಸಾಮಾನು ತುಂಬಿದ ಲಾರಿ ಬಂತು. ಮಾರನೆಯ ದಿನ ಒಜೆಲ್ಲಾ ಎಂದಿನಂತೆ ಒದ್ದೆ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು, ಹನ್ನೊಂದು ವರ್ಷದ ಅಭ್ಯಾಸಬಲದಿಂದ ಪಕ್ಕದ ಅಂಗಳಕ್ಕೆ ನಡೆದಳು. ನಡೆದವಳು ಗಕ್ಕನೆ ನಿಂತಳು. ಅಡುಗೆಯವನ ಬಿಳಿ ಅಂಗಿ, ಬಸ್ಸಿನವಳ ನೀಲಿ ಅಂಗಿ, ಆಮೇಲೆ ಬೆರಳುದ್ದದ ಕಾಲುಚೀಲಗಳು, ಸಾಲಾಗಿ, ಹಗ್ಗದ ಆ ತುದಿಯಿಂದ ಈ ತುದಿಯವರೆಗೆ.

"ಏನಮ್ಮ ನಿಂತ್ಬಿಟ್ಟೆ?" ಎದುರುಗಡೆಯಿಂದ ಕ್ಲಿಯೋಫಸ್ ಕೂಗಿದ. "ನನ್ನ ಚಡ್ಡಿ ಒಣಗಿಸಲ್ವಾ?"

ಒಜೆಲ್ಲಾಳ ಬುಟ್ಟಿಯಿಂದ ಕಾಲಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅವಳು ಇಡೀ ಬೀದಿಗೆ ಕೇಳುವಂತೆ ಕೂಗಿ ಹೇಳಿದಳು:

"ಜಾಗ ಇಲ್ಲ ಕಣೋ! ಜಾಗಾನೇ ಇಲ್ಲ!"