ಕುಡಿತ ಬಿಟ್ಟ ಪ್ರತಿರೂಪಗಳು

ಗದಗಿನ ವೆಲ್ಡರ್ ಈರಪ್ಪ ಕುಡಿತ ಬಿಡುವವರ ಭಾನುವಾರದ ಸಭೆಗೆ ಖುದ್ದಾಗಿ ಹೋದ. ಅದೇ ಅವನು ಮಾಡಿದ ತಪ್ಪು. ಬೇಸರದ ಕೆಲಸಗಳಿಗೆಲ್ಲ ಜನ ತಮ್ಮಂತೆಯೇ ಕಾಣುವ ಯಂತ್ರದ ಪ್ರತಿರೂಪವನ್ನು ಕಳಿಸುವ ರೂಢಿ ಬಂದು ಎಷ್ಟೋ ವರ್ಷಗಳಾಗಿದ್ದವು. ಸಭೆ ನಡೆಯುವ ಶಾಲೆಯ ಕೋಣೆಯಲ್ಲಿ ಅಂಥ ಹನ್ನೊಂದು ಪ್ರತಿರೂಪಗಳು ತಲೆ ಬಾಚಿಕೊಂಡು ಕೂತಿದ್ದವು.

ಒಂದೊಂದೇ ಎದ್ದು, “ಒಂದು ಹನಿಯೂ ಮುಟ್ಟಿಲ್ಲ” ಎಂದವು. ಉಳಿದವು ಚಪ್ಪಾಳೆ ತಟ್ಟಿದವು. ಯಾವುದೂ ಸುಳ್ಳು ಹೇಳಲಿಲ್ಲ. ಅವುಗಳಿಗೆ ಹೊಟ್ಟೆಯೇ ಇರಲಿಲ್ಲ.

ಈರಪ್ಪ ಕೈಗಳನ್ನು ಹಿಂದೆ ಕಟ್ಟಿಕೊಂಡು ಎದ್ದ. “ಒಂಬತ್ತ ದಿನ ತಡಕೊಂಡಿದ್ದೆ. ನಿನ್ನಿ ಸಂಜಿಮುಂದ ಕುಡದಬಿಟ್ಟೆ.”

ಚಪ್ಪಾಳೆ ಬರಲಿಲ್ಲ. ಸಭೆ ನಡೆಸುವ ಶಕುಂತಲಾಬಾಯಿ ಹುಬ್ಬು ಗಂಟಿಕ್ಕಿದರು. “ಮೂರು ವರ್ಷದಾಗ ನಮ್ಮಲ್ಲಿ ಒಬ್ಬರೂ ಕುಡದಿಲ್ಲ. ಮುಂದಿನ ವಾರ ನಿಮ್ಮ ಪ್ರತಿರೂಪ ಕಳಸ್ರಿ.”

“ಅದಕ್ಕ ಬಾಯಾರಿಕಿ ಇಲ್ರಿ ಬಾಯಾರ. ಬಾಯಾರಿಕಿ ಆಗೂದು ನನಗ,” ಎಂದು ಈರಪ್ಪ ಹೊರಬಿದ್ದ.

ಎದುರಿನ ಬಾರಿನಲ್ಲಿ ಅವೇ ಹನ್ನೊಂದು ಮುಖಗಳಿದ್ದವು. ಎಲ್ಲರೂ ಗ್ಲಾಸು ಹಿಡಿದು, ಪ್ರತಿರೂಪಗಳಿಗೆ ಬಿದ್ದ ಚಪ್ಪಾಳೆಯನ್ನು ಮೊಬೈಲಿನಲ್ಲಿ ನೋಡಿ ಖುಷಿಪಡುತ್ತಿದ್ದರು. ಅವರಲ್ಲೊಬ್ಬ ಕೂಗಿದ: “ಬಾರಪಾ ಈರಪ್ಪ, ಒಂದು ಹಾಕು!”

ಈರಪ್ಪ ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತ. ಮುಂದೆ ಬಂದ ಗ್ಲಾಸನ್ನು ಅತ್ತ ಸರಿಸಿದ. “ನಿನ್ನಿ ಕುಡದೇನಿ. ಇವತ್ತ ಇನ್ನೂ ಕುಡದಿಲ್ಲ. ಭಾಳ ಹೆದರಿಕಿ ಆಗೇತಿ. ಮನಶ್ಯಾರ ಮುಂದ ಹೇಳಬೇಕಾಗಿತ್ತು.”

ಹತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕರೆದವನು ಮಾತ್ರ ಮೊಬೈಲು ಬಂದ್ ಮಾಡಿ ಕುರ್ಚಿಯನ್ನು ಹತ್ತಿರ ತಂದ.

“ಹೇಳಪಾ,” ಎಂದ. “ನನಗೂ ಹಂಗ ಆಗತೈತಿ.”