ಎರಡನೆಯ ಮೂಲ

"ಇದು ಅಚ್ಚಿಗೆ ಹೋಗೂದಿಲ್ಲ," ಎಂದರು ಪ್ರೊಫೆಸರ್ ವ್ಯಂಕಟೇಶ.

ಎದುರಿಗೆ ನಿಂತಿದ್ದ ಸೃಷ್ಟಿಯ ಕಣ್ಣುಗಳು ಕೆಂಪಾಗಿದ್ದವು. ಮಾದನಹಿಪ್ಪರಗಾದ ಈ ಹುಡುಗಿ ಪತ್ರಿಕೋದ್ಯಮ ವಿಭಾಗದ ವಿದ್ಯಾರ್ಥಿ ಪತ್ರಿಕೆಗೆ ಈ ವಾರದ ಸಂಪಾದಕಿ. ನಾಲ್ಕಕ್ಕೆ ಪುಟಗಳು ಪ್ರೆಸ್ಸಿಗೆ ಹೋಗಬೇಕು. ಆಗಲೇ ಮೂರೂಕಾಲು. ಮುಖಪುಟದಲ್ಲಿ ಒಂದೇ ಸುದ್ದಿ ಬಾಕಿ: ರಾಜಕೀಯ ಸಂವಹನದ ಪ್ರಾಧ್ಯಾಪಕಿ ಡಾ. ಜಾನಕೀಬಾಯಿ ನಿಧನ.

"ಸುದ್ದಿಗೆ ಎಷ್ಟು ಮೂಲ?"

"ಒಂದ್ರಿ ಸರ್. ಅಫಜಲಪುರ ದವಾಖಾನಿ ಡಾಕ್ಟರು."

"ನಿಯಮ ಏನದ?"

"ಎರಡು ಬೇಕ್ರಿ. ಒಂದು ಮನಿಯವರದು."

ಈ ನಿಯಮಕ್ಕೆ ಕಾರಣ ಆಳಂದದ ದಾವಲಸಾಬ. ಹೋದ ವರ್ಷ ಯಾರೋ ಹೇಳಿದ್ದನ್ನು ನಂಬಿ ಇದೇ ಪತ್ರಿಕೆ ಆ ಹಳೆಯ ಪ್ರೆಸ್ ನೌಕರನನ್ನು ಅಚ್ಚಿನಲ್ಲಿ ಸಾಯಿಸಿಬಿಟ್ಟಿತ್ತು. ಮರುದಿನ ಆತ ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು ವಿಭಾಗಕ್ಕೇ ಬಂದ. "ಫೋಟೋ ಛಲೋ ಬಂದದ್ರಿ ಸಾಹೇಬ್ರ," ಎಂದ. ಅಂದಿನಿಂದ ಸಾವಿನ ಸುದ್ದಿಯ ಕೊನೆಯ ಸಾಲಿನಲ್ಲಿ ಅದನ್ನು ಖಚಿತಪಡಿಸಿದ ಮನೆಯವರ ಹೆಸರು ಇರಲೇಬೇಕು. ಜಾನಕೀಬಾಯಿ ಆ ನಿಯಮ ಕೇಳಿ ನಕ್ಕಿದ್ದರು. "ಸತ್ತವರ ಸಹಿ ಒಂದು ಕೇಳಿಲ್ಲ ನೋಡ್ರಿ ನೀವು."

ವ್ಯಂಕಟೇಶರದೂ ಆಕೆಯದೂ ಹಾವು ಮುಂಗುಸಿ ಸಂಬಂಧ. ಮುಖಂಡರು ಮಾತಿನಿಂದ ಜನರನ್ನು ಹೇಗೆ ಗೆಲ್ಲುತ್ತಾರೆಂದು ಆಕೆ ಕಲಿಸುತ್ತಿದ್ದರು. ಆ ಮಾತನ್ನು ಏಕೆ ನಂಬಬಾರದೆಂದು ಇವರು ಕಲಿಸುತ್ತಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ಒಂದು ವಿಷಯದಲ್ಲೂ ಒಮ್ಮತ ಬಂದಿರಲಿಲ್ಲ. ಆ ಜಗಳ ನೋಡಲೆಂದೇ ಹುಡುಗರು ಇಬ್ಬರೂ ಸೇರಿ ನಡೆಸುವ ತರಗತಿಗೆ ತಪ್ಪದೆ ಬರುತ್ತಿದ್ದರು.

ವ್ಯಂಕಟೇಶ ಕೆಂಪು ಪೆನ್ನು ತೆಗೆದರು. ‘ದಾರುಣ’ ಹೊಡೆದುಹಾಕಿದರು. ‘ತುಂಬಲಾರದ ನಷ್ಟ’ವನ್ನೂ ಹೊಡೆದುಹಾಕಿದರು. ಎದೆಯೊಳಗೆ ಏನಾದರೂ ಆಗಬೇಕಿತ್ತು, ಆಗುತ್ತಿಲ್ಲ ಎಂಬುದಷ್ಟೇ ಅವರಿಗೆ ಗೊತ್ತಾಗುತ್ತಿತ್ತು.

"‘ಮಣ್ಣೂರಿನಲ್ಲಿ ಭಾಷಣ ಮಾಡುತ್ತ ಕುಸಿದರು’ ಅಂತ ಬರದೀ. ಭಾಷಣ ಅಲ್ಲ. ಪಂಚಾಯ್ತಿ ಹೆಣ್ಣುಮಕ್ಕಳಿಗೆ ಮೈಕ್ ಮುಂದ ಮಾತಾಡೂದು ಕಲಿಸಾಕತ್ತಿದ್ರು. ತಿದ್ದು."

"ಹೂಂ ಸರ್."

"ವಯಸ್ಸು ಐವತ್ತೇಳಲ್ಲ, ಐವತ್ತೆಂಟು."

"ಆಫೀಸ್ ದಾಖಲಿ ನೋಡೇನ್ರಿ..."

"ಶಾಲಿಗೆ ಹಚ್ಚುವಾಗ ಒಂದು ವರ್ಷ ಕಮ್ಮಿ ಬರೆಸ್ಯಾರ. ಹುಟ್ಟಿದೂರು ಜೇವರ್ಗಿ, ಅಫಜಲಪುರ ಅಲ್ಲ."

ಸೃಷ್ಟಿ ಎರಡನ್ನೂ ತಿದ್ದಿಕೊಂಡಳು. ಬಾಗಿಲಾಚೆ ಗುಂಪು ಸೇರಿತ್ತು. ಒಳಗೆ ಬರಲು ಯಾರಿಗೂ ಧೈರ್ಯ ಸಾಲದು. ಬೆಳಿಗ್ಗೆ ಮನೆಯಲ್ಲಿ ಕಟ್ಟಿಕೊಟ್ಟ ಊಟದ ಡಬ್ಬಿ ಮೇಜಿನ ಮೇಲೆ ಮುಚ್ಚಿಯೇ ಇತ್ತು. ಪಕ್ಕದಲ್ಲಿ ಮೊಬೈಲು ಮತ್ತೆ ಗುರುಗುಟ್ಟಿತು. ಅಫಜಲಪುರದ ದವಾಖಾನೆಯ ನಂಬರು. ಮಧ್ಯಾಹ್ನ ಒಮ್ಮೆ ಎತ್ತಿ "ಗೊತ್ತಾತು" ಎಂದು ಇಟ್ಟವರು ಆಮೇಲೆ ಅದನ್ನು ಮುಟ್ಟಿರಲಿಲ್ಲ.

ಸಹೋದ್ಯೋಗಿ ಅಜಯಕುಮಾರ ಬಾಗಿಲಲ್ಲಿ ತಲೆ ತೂರಿಸಿದರು. "ಸರ್, ಗಾಡಿ ಬಂದದ್ರಿ. ಎಲ್ಲಾರೂ ಅಫಜಲಪುರಕ್ಕ ಹೊಂಟೇವಿ. ನಡೀರಿ."

"ಪುಟ ಮುಗೀಲಿ."

"ಇವತ್ತೊಂದಿನ ಪುಟ ಬಿಡ್ರಿ ಸರ್..."

"ಮುಗೀಲಿ ಅಂದೆ."

ಅಜಯಕುಮಾರ ತಲೆ ಹಿಂದೆ ತೆಗೆದುಕೊಂಡರು. ಇಂಥ ಹೊತ್ತಿನಲ್ಲೂ ಈ ಮನುಷ್ಯನಿಗೆ ನಿಯಮವೇ ದೊಡ್ಡದಾಯಿತೇ ಎಂದು ಹೊರಗೆ ಯಾರೋ ಗೊಣಗಿದರು. ಅದು ವ್ಯಂಕಟೇಶರ ಕಿವಿಗೆ ಬಿತ್ತು, ಅಲ್ಲೇ ಉಳಿಯಿತು.

ಮೂರೂಮುಕ್ಕಾಲಿಗೆ ಅವರು ಕೊನೆಯ ಸಾಲಿಗೆ ಬಂದರು. ‘ನಿಧನವನ್ನು ಕುಟುಂಬದ ಪರವಾಗಿ .......... ಖಚಿತಪಡಿಸಿದ್ದಾರೆ.’

"ಜಾಗ ಖಾಲಿ ಬಿಟ್ಟೀಯಲ್ಲ. ಮನಿಯವರನ್ನ ಕೇಳಿದೇನು?"

"ಇಲ್ರಿ."

"ಯಾಕ?"

"ಹ್ಯಾಂಗ ಕೇಳ್ಲಿ ಸರ್?"

"ಕೇಳಬೇಕವ್ವಾ. ನಮ್ಮ ಕೆಲಸನ ಅದು. ಅವರು ಹೌದು ಅನ್ನೂತನಕ ಆಕಿ ಸತ್ತಿಲ್ಲ."

ಸೃಷ್ಟಿ ಖಾಲಿ ಜಾಗದ ಮೇಲೆ ಬೆರಳಿಟ್ಟಳು. ಆಮೇಲೆ, ಅವರೇ ಕಲಿಸಿದ್ದಂತೆ, ಕಣ್ಣಿಗೆ ಕಣ್ಣಿಟ್ಟು ಕೇಳಿದಳು.

"ಹೌದೇನ್ರಿ, ಸರ್?"

ವ್ಯಂಕಟೇಶ ಪೆನ್ನು ಎತ್ತಿ ಖಾಲಿ ಜಾಗದಲ್ಲಿ ಗುಂಡಗೆ ಬರೆದರು: ‘ಪತಿ, ಪ್ರೊ. ವ್ಯಂಕಟೇಶ’.